ಓಯಸಿಸ್

ಅಂಗಡಿಯಲ್ಲಿ ಅದರ ಹೆಸರೇ ಓಯಸಿಸ್.
ಇಟ್ಟಿಗೆಯಷ್ಟು ದಪ್ಪ, ಹಸಿರು, ಒಣಗಿದ್ದರೆ ಹಪ್ಪಳದಷ್ಟು ಹಗುರ.
ಬಕೆಟ್ಟಿನ ನೀರಿಗೆ ಬಿಟ್ಟರೆ ತಾನೇ ಕುಡಿದು ಮುಳುಗುತ್ತದೆ,
ಒತ್ತಬೇಡ, ಒತ್ತಿದರೆ ಒಳಗೆ ಗಾಳಿ ಉಳಿಯುತ್ತದೆ ಎಂದು
ಮೊದಲ ದಿನ ಕಲಿಸಿದವಳು ಚೆಬೆಟ್.
ಕೀನ್ಯಾದವಳು. ಸರೋವರದ ದಡದ ಪ್ಲಾಸ್ಟಿಕ್ ಚಪ್ಪರಗಳಲ್ಲಿ
ಆರು ವರ್ಷ ಗುಲಾಬಿ ಕೊಯ್ದವಳು.
ಪೆಟ್ಟಿಗೆ ಬಿಚ್ಚುವಾಗ ಕಾಂಡವನ್ನು ಬೆರಳಲ್ಲಿ ಅಳೆದು
"ಇದು ನಮ್ಮೂರಿನದು" ಅನ್ನುತ್ತಾಳೆ,
ಸಂತೋಷಕ್ಕೋ ಸಿಟ್ಟಿಗೋ ತಿಳಿಯುವುದಿಲ್ಲ.

ಬುದಯ್ಯ ರಸ್ತೆ, ಮನಾಮದ ಹೊರಗೆ.
ಜುಲೈಯಲ್ಲಿ ಬೀದಿಗೆ ನಲವತ್ತಾರು ಡಿಗ್ರಿ, ಹೂವಿನ ಕೋಣೆಗೆ ನಾಲ್ಕು.
ಬಾಗಿಲು ದಾಟಿದರೆ ಕನ್ನಡಕ ಮಂಜಾಗಿ
ಒಂದು ನಿಮಿಷ ಗಿರಾಕಿಯೂ ಹೂವೂ ನನಗೆ ಒಂದೇ.

ಅವರು ಕೇಳುವುದು ಎರಡೇ ಮಾತು:
ಎಷ್ಟು? ಎಷ್ಟು ದಿನ ಇರುತ್ತದೆ?
ಎಲ್ಲಿಯದು ಅಂತ ಕೇಳಿದವರು
ಏಳು ವರ್ಷದಲ್ಲಿ ಮೂರು ಮಂದಿ.
ಒಬ್ಬ ಕಸ್ಟಮ್ಸಿನವನು. ಒಬ್ಬಳಿಗೆ ಅಲರ್ಜಿ.
ಮೂರನೆಯವಳು ಹತ್ತಿಯ ಚೀಲ ಹೆಗಲಿಗೇರಿಸಿ ಬಂದ ಹುಡುಗಿ,
"ಭೂಮಿಗೆ ಭಾರವಾಗದಂಥ ಹೂ ಇದೆಯಾ?" ಎಂದಳು.
ಇದೆ ಎಂದರು ಸಾಹೇಬರು.
ಅದೇ ಬಕೆಟ್ಟಿನ ಅದೇ ಹೂ, ಕಂದು ಕಾಗದದಲ್ಲಿ,
ಸೆಣಬಿನ ದಾರ, ಎಲೆಯ ಚಿತ್ರದ ಠಸ್ಸೆ, ಒಂದೂವರೆ ದಿನಾರು ಹೆಚ್ಚು.
ಕಾಗದದ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪೊರೆ ಇರುವುದು
ಕಟ್ಟುವ ಬೆರಳಿಗೆ ಮಾತ್ರ ಗೊತ್ತು.
ಅವಳು ಥ್ಯಾಂಕ್ಸ್ ಅಂದಳು, ಬಾಯಿಮಾತಿಗಲ್ಲ, ಕಣ್ಣಲ್ಲಿ ಕಣ್ಣಿಟ್ಟು.
ಅವತ್ತು ಊಟ ಸೇರಲಿಲ್ಲ.

ಆರ್ಕಿಡ್ ಕೊಂಡ ಮೇಡಂ ಮೂರನೇ ವಾರ ರಸೀದಿ ಹಿಡಿದು ಬಂದರು:
ಹೂ ಉದುರಿತು, ಬದಲಿಸಿಕೊಡಿ.
ಮತ್ತೆ ಬಿಡುತ್ತದೆ ಮೇಡಂ, ಸ್ವಲ್ಪ ತಾಳಿ.
ಅಲ್ಲಿಯವರೆಗೆ ಕೋಲು ನೋಡುತ್ತ ಕೂರಲೇ ಎಂದರು.
ಕೋಲನ್ನು ಮೋತಾಲೇಬ್ ತನ್ನ ಕೋಣೆಗೆ ಒಯ್ದ.
ಹದಿನಾಲ್ಕು ಮಂದಿ ಮಲಗುವ ಆ ಕೋಣೆಯ ಕಿಟಕಿಯಲ್ಲಿ
ಈಗ ಹನ್ನೊಂದು ಕೋಲುಗಳಿವೆ. ಎರಡಕ್ಕೆ ಮೊಗ್ಗು.

ಫೆಬ್ರವರಿ ಹದಿನೈದರ ಬೆಳಿಗ್ಗೆ ನಮಗೆ ಕತ್ತರಿ ಕೊಡುತ್ತಾರೆ.
ಉಳಿದ ಕೆಂಪನ್ನೆಲ್ಲ ಕುತ್ತಿಗೆಗೆ ಕತ್ತರಿಸಿ ಎಸೆಯಬೇಕು,
ಪುಕ್ಕಟೆ ಸಿಕ್ಕರೆ ನಾಳೆ ಯಾರು ಕೊಳ್ಳುತ್ತಾರೆ.
ಚೆಬೆಟ್ ಎಲ್ಲರಿಗಿಂತ ಬೇಗ ಮುಗಿಸುತ್ತಾಳೆ.
ಕೈ ಪಳಗಿದೆ.

ಬೀದಿಯಾಚೆ, ಮಸೀದಿಗೋಡೆಯ ನೆರಳಲ್ಲಿ, ಗುರುವಾರ ಸಂಜೆ
ಖರ್ಜೂರದ ಗರಿಯ ಬುಟ್ಟಿ ಇಟ್ಟು ಕೂರುತ್ತಾಳೆ ಉಮ್ ಜಾಸಿಮ್.
ಕಾಮಕಸ್ತೂರಿಯ ಕುಡಿಗಳ ನಡುವೆ ಮಲ್ಲಿಗೆ ಸಿಕ್ಕಿಸಿದ ಮಶ್ಮೂಮ್,
ಮುಡಿಯಲಿಕ್ಕೆ. ಅವಳ ಹಿತ್ತಿಲಿನದು.
ಇಪ್ಪತ್ತು ಕಟ್ಟು ಮುಗಿದರೆ ಎದ್ದಳು.
"ಇನ್ನೂ ಇಪ್ಪತ್ತು ತರಬಾರದೇ" ಎಂದೆ ಒಮ್ಮೆ, ನನ್ನ ಮುರುಕು ಅರಬ್ಬಿಯಲ್ಲಿ.
"ಗಿಡ ಕೊಟ್ಟದ್ದು ಇಪ್ಪತ್ತು" ಎಂದು
ಪೆದ್ದನನ್ನು ನೋಡುವ ಹಾಗೆ ನೋಡಿದಳು.

ದೊಡ್ಡ ಮಾತು ನನಗೂ ಸಲ್ಲದು.
ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬದ ಹಿಂದಿನ ರಾತ್ರಿ,
ವಿಮಾನದಲ್ಲಿ ಬಂದ ಶಂಕರಪುರದ ಮಲ್ಲಿಗೆಗೆ
ಸಾಲು ನಿಲ್ಲುವವರಲ್ಲಿ ನಾನೂ ಒಬ್ಬ.
ಒಂದು ಚೆಂಡಿಗೆ ಎರಡು ದಿನದ ಊಟದ ದುಡ್ಡು.
ಬಾಳೆನಾರಿನ ಕಟ್ಟು ಮೂಸಿದರೆ ಸಾಕು,
"ಇವತ್ತು ಅಟ್ಟೆಗೆ ಎಷ್ಟಂತೆ?" ಎಂದು
ಬೇಲಿಯಾಚೆಗೆ ಅಮ್ಮ ಕೂಗುತ್ತಿದ್ದದ್ದು ಕೇಳಿಸುತ್ತದೆ.
ಎಷ್ಟು ಎಣ್ಣೆ ಸುಟ್ಟು ಬಂತು ಎಂದು ನಾನು ಕೇಳುವುದಿಲ್ಲ.
ಒಂದೇ ದಿನಕ್ಕೆ ಕಂದುತ್ತದೆ. ಕಂದಲಿ.

ನಿನ್ನೆ ಹೊಸ ಮಾಲು ಇಳಿಯಿತು: ಬಟ್ಟೆಯ ಗುಲಾಬಿ, ರಬ್ಬರಿನ ಎಲೆ.
"ನೀರೇ ಬೇಡ ನೋಡು, ಪರಿಸರಸ್ನೇಹಿ ಅಂತ ಬೋರ್ಡು ಬರೆ."
ಬರೆದೆ. ಅಕ್ಷರ ಚೆನ್ನಾಗಿದೆ ಎಂದರು.

ರಾತ್ರಿ ಗುಡಿಸುವಾಗ ಓಯಸಿಸಿನ ತುಂಡೊಂದು ಕಾಲಿಗೆ ಸಿಕ್ಕಿತು,
ಯಾರದೋ ಮದುವೆ ಮೇಜಿನದು, ಮೈತುಂಬ ತೂತು.
ಹೆಬ್ಬೆರಳು ಒತ್ತಿದೆ. ಎಲ್ಲರೂ ಒಮ್ಮೆ ಒತ್ತುತ್ತಾರೆ, ತಡೆಯಲಾಗುವುದಿಲ್ಲ.
ಗೆರೆಗಳ ಸಮೇತ ಗುಂಡಿ ಬಿತ್ತು.
ಅದು ಮೇಲೇಳುವುದಿಲ್ಲ, ಕೊಳೆಯುವುದೂ ಇಲ್ಲವಂತೆ.
ವೀಸಾ ಎರಡು ವರ್ಷಕ್ಕೊಮ್ಮೆ ಮುಗಿಯುತ್ತದೆ.
ಇದು ಇರುತ್ತದೆ, ಕಸದ ಲಾರಿ ಸುರಿದಲ್ಲಿ, ಮರಳಿನಡಿ,
ನನ್ನ ಹೆಬ್ಬೆಟ್ಟು.